ಬಿಟ್ಟ ಸ್ಥಳ

ಹಾಸನ. ಬೆಳಗಿನ ಏಳೂವರೆ.
ಹಾಲಿನ ಲಾರಿಗಳು ಬಿ.ಎಂ. ರಸ್ತೆಯಿಂದ ಒಳಗೆ ತಿರುಗುವ ಹೊತ್ತಿಗೆ
ಹಳ್ಳಿಹಳ್ಳಿಯ ಲೆಕ್ಕ ನನ್ನ ಪರದೆಗೆ ಬಂದಿಳಿಯುತ್ತದೆ,
ಕ್ಯಾನಿಗೊಂದು ಸಾಲು.
ಲೀಟರು ನಾಲ್ಕು. ಜಿಡ್ಡು ಏಳು ಪಾಯಿಂಟ್ ಎರಡು.
ಬಗೆ=""
ಪಕ್ಕದಲ್ಲಿ ನನ್ನ ಪ್ರೋಗ್ರಾಮು ಓದಿ ಬರೆದದ್ದು: ಹಸು.

ಹಸುವಿಗೆ ಏಳು ಪಾಯಿಂಟ್ ಎರಡೇ?

ಊಟಕ್ಕೆ ಕರೆಯದಿರುವುದು ಬೇರೆ.
ಎಲೆ ಹಾಕಿ, ನೀರು ಚಿಮುಕಿಸಿ, ಬಡಿಸದೆ ಮುಂದಕ್ಕೆ ಹೋಗುವುದು ಬೇರೆ.
ಬಗೆ ಎಂಬ ಮಾತೇ ಇಲ್ಲದ ಸಾಲು ಮೊದಲನೆಯದು.
ಇದು ಎರಡನೆಯದು:
ಎರಡು ಉದ್ಧರಣ ಚಿಹ್ನೆ ಮೈಗೆ ಮೈ ತಾಗಿಸಿ ಕೂತಿವೆ,
ನಡುವೆ ಒಂದು ಅಕ್ಷರಕ್ಕೂ ಜಾಗವಿಲ್ಲ.

ಹಸು, ಎಮ್ಮೆ, ಬೆರಕೆ. ಪ್ರೋಗ್ರಾಮಿಗೆ ಗೊತ್ತಿರುವುದು ಮೂರೇ.
ನನಗಿಂತ ಮುಂಚೆ ಈ ಕುರ್ಚಿಯಲ್ಲಿದ್ದವನು
ಒಂದು ರಾತ್ರಿ, ಬಟವಾಡೆಯ ಹಿಂದಿನ ರಾತ್ರಿಯೇ ಇರಬೇಕು,
ಎರಡು ಸಾಲು ಸೇರಿಸಿ ಮನೆಗೆ ಹೋಗಿದ್ದ:
ಓದಲಾಗದಿದ್ದರೆ ಸೊನ್ನೆ ಅನ್ನು.
ಸೊನ್ನೆಯ ಜಾಗದಲ್ಲಿ ಹಸು ನಿಂತಿತ್ತು.
ಮೌನಂ ಸಮ್ಮತಿ ಲಕ್ಷಣಂ.
ಹದಿನಾಲ್ಕು ತಿಂಗಳು ಒಂದು ದೋಷವೂ ಕೂಗಲಿಲ್ಲ.

ದುದ್ದದ ಆಚೆಯ ಸೊಸೈಟಿಗೆ ಫೋನು ಹಚ್ಚಿದೆ. ನಿಂಗರಾಜು ಅಂದ:
‘ಅಯ್ಯೋ, ಎಮ್ಮೆ ಗುಂಡಿ ಸತ್ತು ಯಾವ ಕಾಲ ಆಯ್ತು ಮೇಡಂ.
ಒತ್ತಿದ್ರೆ ಕುಂಯ್ ಅನ್ನುತ್ತೆ, ಅಷ್ಟೆ.
ನಮ್ಮಲ್ಲಿ ಎಮ್ಮೆ ಇರೋದೇ ಒಂದು, ದ್ಯಾವೀರಮ್ಮಂದು.
ನನ್ನ ಎಮ್ಮೆ ಯಾವತ್ತು ಹಸು ಆಯ್ತಪ್ಪಾ ಅಂತ
ಆವಮ್ಮ ಬಟವಾಡೆ ದಿನ ಕೇಳ್ತಾನೇ ಇರ್ತಾಳೆ.
ಹಾಸನದಲ್ಲಿ ಕಂಪ್ಯೂಟರ್ ಹಂಗಂತದೆ ಅಂದ್ಬಿಟ್ಟೆ.’

ಹಾಗಾದರೆ ಖಾಲಿ ಅಂದರೆ ಎಮ್ಮೆ, ಎಂದು ಬೆರಳು ಕೀಲಿಮಣೆಗೆ ಹೋಯಿತು.
ಆದರೆ ಅರಕಲಗೂಡಿನ ಕಡೆ ಒಬ್ಬ ಹುಡುಗ
ಚಳಿಗೆ ಕೈ ಜೇಬಿಂದ ತೆಗೆಯದೆ ಬಿಟ್ಟಿದ್ದೂ ಖಾಲಿ,
ಆಲೂರಿನಲ್ಲಿ ಎರಡು ಕ್ಯಾನು ಒಂದಾಗಿ
ಏನೆನ್ನಬೇಕೋ ತಿಳಿಯದೆ ಬಿಟ್ಟಿದ್ದೂ ಖಾಲಿ.
ಬಿಟ್ಟ ಸ್ಥಳ ತುಂಬಿರಿ ಎಂಬಲ್ಲಿ
ಗೊತ್ತಿಲ್ಲದಿದ್ದರೂ ಏನಾದರೂ ಗೀಚ್ರೋ, ಅರ್ಧ ಮಾರ್ಕ್ಸ್ ಬಂದೀತು,
ಅಂತಿದ್ದರು ಏಳನೇ ಕ್ಲಾಸಿನ ಮೇಷ್ಟ್ರು.
ಆ ಅರ್ಧ ಮಾರ್ಕ್ಸು ಇಲ್ಲಿ ದ್ಯಾವೀರಮ್ಮನ ದುಡ್ಡು.

ಸೊನ್ನೆಯಿಂದ ಹಸುವನ್ನು ಬಿಚ್ಚಿ ಒಂದರ ಗೂಟಕ್ಕೆ ಕಟ್ಟಿದೆ.
ಎಮ್ಮೆ ಎರಡಕ್ಕೆ, ಬೆರಕೆ ಮೂರಕ್ಕೆ.
ಸೊನ್ನೆಗೆ ‘ಹೇಳಿಲ್ಲ’ ಎಂದು ಹೆಸರಿಟ್ಟೆ.
ಇಟ್ಟದ್ದೇ ತಡ, ಹಳೆಯ ಕಡತದ ಹಸುಗಳೆಲ್ಲ
ಒಂದೇ ಏಟಿಗೆ ‘ಹೇಳಿಲ್ಲ’ ಆಗಿ ನನ್ನ ಮುಖ ನೋಡಿದವು,
ಎಮ್ಮೆಗಳು ಹಸುವಾದವು.
ಅವನ್ನು ತಿರುಗಿ ಅವುಗಳ ಗೂಟಕ್ಕೆ ಹೊಡೆಯುವುದರಲ್ಲಿ
ಡಬ್ಬಿಯ ಚಿತ್ರಾನ್ನ ಹಳಸಿತು.

ಮರುದಿನ. ಏಳೂವರೆ.
ಗುಂಡಿ ಇನ್ನೂ ಸತ್ತೇ ಇದೆ. ರಿಪೇರಿಯವನು ಸೋಮವಾರ ಬರುತ್ತಾನಂತೆ.
ಲೀಟರು ಮೂರೂವರೆ, ಜಿಡ್ಡು ಏಳು ಪಾಯಿಂಟ್ ಒಂದು,
ಬಗೆ: ಹೇಳಿಲ್ಲ.
ಸಾಲು ಹಳದಿಯಾಗಿ ಅಲ್ಲೇ ನಿಂತಿದೆ,
ಮುಂದಕ್ಕೂ ಹೋಗದೆ, ಬಿದ್ದೂ ಹೋಗದೆ.
ಫೋನೆತ್ತಿದೆ.
‘ನಿಂಗರಾಜು, ಇವತ್ತಿಂದೂ ಎಮ್ಮೇದೇ ತಾನೆ?’