ಜೋಡಿಗೂಡು

ಶಿಡ್ಲಘಟ್ಟದಿಂದ ಮೊದಲ ಬಸ್ಸಿಗೇ ಬಂದವಳು ಮೆಹರುನ್ನೀಸಾ,
ಮೈಗೆಲ್ಲ ಬೆಂದ ಹುಳದ ವಾಸನೆ.
ಹೆಗಲ ಮೇಲೆ ಒಂದೂವರೆ ವರ್ಷದ ತಸ್ಲೀಮ್,
ಮೂರು ರಾತ್ರಿ ಎಡಗಿವಿ ಹಿಡಿದೇ ಅತ್ತವಳು
ಈಗ ಸುಮ್ಮನಿದ್ದಾಳೆ.
ತಮಟೆ ಹರಿದ ಮೇಲೆ ನೋವು ಇಳಿಯುತ್ತದೆ.
ವಾಸಿಯಾಯಿತು ಅಂದುಕೊಳ್ಳುತ್ತಾರೆ ಎಲ್ಲರೂ.

ಇವಳು ಅಂದುಕೊಳ್ಳಲಿಲ್ಲ. ದಿಂಬಿನ ಬಟ್ಟೆಯನ್ನೇ ಮಡಿಚಿ ತಂದಿದ್ದಳು,
ಹಳದಿ ಕಲೆ ಒಳಗಾಗಿ.
ಅತ್ತೆ ಬೆಳ್ಳುಳ್ಳಿ ಎಣ್ಣೆ ಬಿಡಹೋದಾಗ
ಅಂಗೈ ಅಡ್ಡ ಹಿಡಿದಳಂತೆ.

ಹತ್ತಿಕಡ್ಡಿಯ ತುದಿಯಷ್ಟು ಕೀವು.
ಗಾಜಿಗೆ ತೀಡಿ, ನೇರಳೆ ಹೊಯ್ದು, ತೊಳೆದು, ನೋಡಿದೆ:
ಎರಡೆರಡಾಗಿ ಅಂಟಿಕೊಂಡ ಕಾಳು, ಸುತ್ತ ತೆಳು ಬೆಳಕು.
ನ್ಯುಮೊಕಾಕಸ್. ಹದಿನೇಳು ವರ್ಷವಾಯಿತು,
ಅದನ್ನು ಬರೆಯಲು ಕೈಗೆ ನಾನು ಬೇಕಿಲ್ಲ.

"ನಾನೂ ನೋಡಬಹುದಾ?"
ಈ ಲ್ಯಾಬಿನಲ್ಲಿ ಯಾರೂ ಕೇಳಿದ್ದಿಲ್ಲ. ಸ್ಟೂಲು ಬಿಟ್ಟುಕೊಟ್ಟೆ.
ಒಂದು ಕಣ್ಣು ಮುಚ್ಚಿ, ಬಹಳ ಹೊತ್ತು.
"ಜೋಡಿಗೂಡು," ಅಂದಳು.
"ಎರಡು ಹುಳ ಒಂದರಲ್ಲೇ ಕಟ್ಟಿದ್ದು.
ಎಳೆ ಬರಲ್ಲ ಮೇಡಂ, ಸಿಕ್ಕಾಗತ್ತೆ. ಆರಿಸಿ ಆಚೆ ಹಾಕ್ತೀವಿ."

ಆರಿಸಲು ನನಗೆ ಎರಡು ದಿನ ಬೇಕು.
ಕುರಿಯ ರಕ್ತದ ತಟ್ಟೆ, ಪಕ್ಕದಲ್ಲಿ ಚಾಕೊಲೇಟ್ ಅಗರ್.
ಹೆಸರು ಕೇಳಿ ತಸ್ಲೀಮ್ ಕೈ ಚಾಚಿದಳು.
ಯಾವ ಔಷಧಿಗೆ ಬಗ್ಗುತ್ತವೋ ಗೊತ್ತಾಗುವ ತನಕ
ಡಾಕ್ಟರು ಬರೆದ ಗುಲಾಬಿ ಸಿರಪ್ಪು
ಅಳತೆ ಮುಚ್ಚಳದಲ್ಲಿ ಹೋಗುತ್ತಿರಲಿ.

ಬಾಗಿಲ ಬಳಿ ನಿಂತು ತಾಯಿ
ಮಗುವಿನ ಎಡಗಿವಿಯ ಪಕ್ಕ ಚಿಟಿಕೆ ಹೊಡೆದಳು.
ತಿರುಗಲಿಲ್ಲ.
ಇನ್ನೊಮ್ಮೆ.
ತಟ್ಟೆಯ ಮೇಲೆ ತಾರೀಕು ಬರೆಯುತ್ತಿದ್ದವಳು
ಪೆನ್ನು ಎತ್ತಿ ನಾನೂ ಕಾದೆ.