ಬೈಕಂಪಾಡಿಯಲ್ಲಿ ಸೋಪಿನ ನೀರು

ಇದಿನಬ್ಬನ ರಿಕ್ಷಾ ಬಂದು ನಿಂತಾಗ ಎಂಟೂಕಾಲು.
ಹಿಂದಿನ ಸೀಟು ಕಿತ್ತು ಗೋಡೆಗೆ ಒರಗಿಸಿದೆ.
ಅಡಿಯಲ್ಲಿ ಎರಡು ರೂಪಾಯಿ ನಾಣ್ಯ, ಯಾರದೋ ಹೇರ್‌ಪಿನ್ನು,
ಒಣಗಿ ಹೊಳೆಯುವ ಬೂತಾಯಿಯ ಹುರುಪೆ.
"ವಾಸನೆ ಬರ್ತದಾ?" ನಾಚಿಕೊಂಡು ಕೇಳಿದ,
"ಬೆಳಿಗ್ಗೆ ದಕ್ಕೆಯಿಂದ ಮೀನಿನ ಬುಟ್ಟಿ ತರುದಲ್ಲ."
ಇಲ್ಲ ಅಂದೆ.
ಅದನ್ನು ಅವನು ಮರ್ಯಾದೆ ಅಂದುಕೊಂಡ.

ಆ ಜ್ವರದ ವರ್ಷ ಹೋದದ್ದು ಹಿಂದೆ ಬರಲಿಲ್ಲ.
ರುಚಿ ಬಂತು, ಅರ್ಧ. ಉದುರಿದ ಕೂದಲೂ ಬಂತು.
ಮೂಗು ಮಾತ್ರ
ಕನ್ನಡಕ ತೂಗುಹಾಕುವ ಮೊಳೆಯಾಗಿ ಉಳಿಯಿತು.
ಶೆಡ್ಡಿನ ಯಜಮಾನರಿಗೆ ಇದನ್ನು ಹೇಳಿಲ್ಲ.

ಗ್ಯಾಸಿಗೆ ತನ್ನದೆಂಬ ವಾಸನೆ ಇಲ್ಲ;
ಕಂಪೆನಿಯವರು ಒಂದು ನಾತ ಬೆರೆಸಿ ಕಳಿಸುತ್ತಾರೆ,
ಕೊಳೆತ ಕ್ಯಾಬೇಜಿನ ಹಾಗೆ, ಎನ್ನುತ್ತಾರೆ ಬಲ್ಲವರು,
ಊರಿನ ಮೂಗುಗಳಿಗೆಲ್ಲ ಒಂದೊಂದು ಚೀಟಿ.
ನನ್ನ ಹೆಸರಿಗೆ ಬಂದದ್ದು ಒಡೆಯದೆ ಬಿದ್ದಿದೆ.

ಹಾಗಾಗಿ ಕಣ್ಣು.
ಹಾಗಾಗಿ ಒಂದು ಡಬ್ಬಿ ಸೋಪಿನ ನೀರು, ಕೂದಲುದುರಿದ ಬ್ರಶ್ಶು.

ಮೊದಲು ಸಿಲಿಂಡರಿನ ತಗಡುಚೀಟಿ, ಉಗುರಲ್ಲಿ ಕೆರೆದು:
ಮೂರು ವರ್ಷದ ಅವಧಿಗೆ ಇನ್ನೂ ಐದು ತಿಂಗಳು ಉಂಟು.
ಆಮೇಲೆ ಪಟ್ಟಿ, ಪಟ್ಟಿಯಡಿಯ ರಬ್ಬರು.
ಇಲ್ಲಿ ಬೆರಳು ಹಾಕಿಯೇ ನೋಡಬೇಕು:
ಪಣಂಬೂರಿನ ಗಾಳಿ ಕಬ್ಬಿಣ ತಿನ್ನುವುದು
ನೆಲಗಡಲೆ ತಿಂದ ಹಾಗೆ,
ಮಾತಾಡುತ್ತ, ಲೆಕ್ಕವಿಲ್ಲದೆ.

ಗೇಜಿನ ಮುಳ್ಳು ಇನ್ನೂರರ ಹತ್ತಿರ.
"ಅಂದ್ರೆ ಎಷ್ಟು?"
ಲಾರಿ ಟಯರಿನ ಗಾಳಿಯ ಇಪ್ಪತ್ತೈದು ಪಟ್ಟು.
ಸ್ವಲ್ಪ ಹೊತ್ತು ಸುಮ್ಮನಿದ್ದ.
"ಇದರ ಮೇಲೆಯೇ ನಾನು ಮಕ್ಕಳನ್ನು ಶಾಲೆಗೆ ಬಿಡುದಾ?"
ಹೌದು. ಮತ್ತೆಂತ. ಎಲ್ಲರೂ.

ವಾಲ್ವಿನ ಕತ್ತಿಗೆ ಬಳಿದೆ. ಏನಿಲ್ಲ.
ಟ್ಯೂಬಿನ ತಿರುವಿಗೆ ಬಳಿದೆ. ಏನಿಲ್ಲ.
ಗ್ಯಾಸು ತುಂಬುವ ಬಾಯಿಗೆ ಬಳಿದು ಕೂತೆ.
ಬಳಿಯುವುದು ಯಾರಿಗೂ ಬರುತ್ತದೆ,
ಸಂಬಳ ಇರುವುದು ಕೂರುವುದಕ್ಕೆ.
ಅವನ ಫೋನು ಮೂರು ಸಲ ಹೊಡೆಯಿತು:
ಕುಳಾಯಿಯ ಟೀಚರು, ಒಂಬತ್ತಕ್ಕೆ ಹೋಗ್ಲಿಕ್ಕುಂಟು.

ರೆಗ್ಯುಲೇಟರಿನ ಪಕ್ಕದ ನಟ್ಟಿನಲ್ಲಿ
ನೊರೆ ಮಿಸುಕಿತು.
ಒಂದು ಗುಳ್ಳೆ, ಸಾಸಿವೆಯಷ್ಟು.
ತಡೆದು, ಮೆಣಸಿನ ಕಾಳಷ್ಟು.
ಅದರೊಳಗೆ ಇದಿನಬ್ಬನ ಖಾಕಿ ಅಂಗಿ, ತಲೆಕೆಳಗಾಗಿ.
ಒಡೆಯಿತು.
ಅದೇ ಜಾಗದಲ್ಲಿ ಇನ್ನೊಂದು.

"ಇಷ್ಟೇ ಅಲ್ವಾ!" ಸ್ಪ್ಯಾನರಿಗೆ ಕೈ ಹಾಕಿದ,
"ಕೂಳೂರಲ್ಲೊಬ್ಬ ಹೀಗೇ ಬಿಗಿ ಮಾಡಿ ಕೊಟ್ಟದ್ದು."
ಕೈ ಹಿಡಿದೆ. ಒತ್ತಡ ಇರುವಾಗ ನಟ್ಟು ಮುಟ್ಟಬಾರದು ಮಾರಾಯ,
ಬಿಗಿ ಮಾಡುತ್ತೇನೆಂದು ಹೋಗಿ
ಟ್ಯೂಬೇ ಕಿತ್ತು ಬಂದೀತು.
ವಾಲ್ವು ಮುಚ್ಚಿ, ಪೈಪಿನಲ್ಲಿ ಉಳಿದದ್ದನ್ನು ಬಯಲಿಗೆ ಬಿಟ್ಟೆ.
ಹಗುರದ ಗ್ಯಾಸು, ನೆಲದಲ್ಲಿ ನಿಲ್ಲುವ ಜಾತಿಯಲ್ಲ;
ಎಂಸಿಎಫ್ ಕಡೆಗೋ ಕಡಲಿನ ಕಡೆಗೋ,
ಹೋದ ದಾರಿ ನೋಡಿದವರಿಲ್ಲ.

ನಿನಗೆ ವಾಸನೆ ಬಂದಿರಲಿಲ್ಲವಾ, ಕೇಳಿದೆ.
"ಬರ್ತಿತ್ತು. ಒಂದು ವಾರ ಆಯ್ತು."
ಮತ್ತೆ?
"ಮೀನು ಅಂದುಕೊಂಡೆ."

ನನಗೆ ಬರುವುದೇ ಇಲ್ಲ, ಅಂದುಬಿಟ್ಟೆ.
ನಾಲ್ಕು ವರ್ಷದಲ್ಲಿ ಹೊರಗಿನವರಿಗೆ ಹೇಳಿದ್ದು ಮೊದಲ ಸಲ.
ನನ್ನ ಮೂಗನ್ನೇ ನೋಡಿದ, ಬ್ರಶ್ಶು ನೋಡಿದ,
ಒದ್ದೆಯಾದ ನಟ್ಟು ನೋಡಿದ.
"ಒಳ್ಳೇದೇ ಆಯ್ತು.
ನೀವು ಮೀನು ಅಂದುಕೊಳ್ಳುದಿಲ್ಲ."

ಒಳಗಿನ ಹಿತ್ತಾಳೆ ಉಂಗುರದಲ್ಲಿ ಕೂದಲೆಳೆಯ ಗೀರು.
ಟ್ಯೂಬಿನ ತುದಿ ಕತ್ತರಿಸಿ ಹೊಸ ಉಂಗುರ ಕೂರಿಸಿದೆ,
ವಾಲ್ವು ತೆರೆದೆ, ಮತ್ತೆ ಬಳಿದೆ.
ಈ ಸಲ ಅವನೂ ಕುಕ್ಕರಗಾಲಲ್ಲಿ ಕೂತ,
ಫೋನು ಹೊಡೆದರೂ ಎತ್ತಲಿಲ್ಲ.
ನೊರೆ ಇದ್ದಲ್ಲೇ ಇತ್ತು. ನಿಧಾನಕ್ಕೆ ಒಣಗಿತು.
ಏನೂ ಆಗದ ಐದು ನಿಮಿಷವನ್ನು
ಇಬ್ಬರು ಗಂಡಸರು ಅಷ್ಟು ಕಣ್ಣಿಟ್ಟು ನೋಡಿದ್ದು
ಬೈಕಂಪಾಡಿಯಲ್ಲಿ ಅಪರೂಪ.

ಅವನು ಹೋದ ಮೇಲೆ ಕೈ ತೊಳೆದೆ.
ಸೋಪಿನ ಡಬ್ಬಿಯ ಮೇಲೆ ಲಿಂಬೆಹುಳಿಯ ಚಿತ್ರ ಉಂಟು.
ಅಭ್ಯಾಸ, ಅಂಗೈ ಮೂಗಿಗೆ ಹಿಡಿದೆ.
ಹೇರ್‌ಪಿನ್ನು ಬೆಂಚಿನ ಮೇಲೆಯೇ ಉಳಿದಿತ್ತು.
ಗೇಟಿನಲ್ಲಿ ಶಾಲೆಯ ವ್ಯಾನು
ಹಾರ್ನು ಹಾಕಿತು.