ಉಸಿರು ತಾಗಬಾರದು

ಮುಹರಕ್‌ನ ಈ ಗಲ್ಲಿಯಲ್ಲಿ ನನ್ನದು ಮೂರು ಕುರ್ಚಿಯ ಅಂಗಡಿ.
ಕುರ್ಚಿ ಮೂರಾದರೂ ದುಡಿಯುವ ಕೈ ಎರಡೇ,
ಅವೂ ಬೆಳಗಿನ ಎಂಟರಿಂದ ಎದೆಮಟ್ಟದಲ್ಲೇ ನಿಂತಿರುತ್ತವೆ.
ಮಧ್ಯಾಹ್ನದ ಬಾಂಗಿನ ಹೊತ್ತಿಗೆ
ಬಲ ಹೆಗಲಿನೊಳಗೆ ಯಾರೋ ಹುರಿಹಗ್ಗ ಹೊಸೆಯತೊಡಗುತ್ತಾರೆ.
ರಾತ್ರಿ ಶಟರ್ ಎಳೆದು ಬೀಗ ಹಾಕಿದರೆ
ಕುತ್ತಿಗೆ ಮಾತ್ರ ಒಳಗೇ ಉಳಿದಿರುತ್ತದೆ.

ಏನೆಲ್ಲ ಮಾಡಿಲ್ಲ.
ಹುಲಿಚಿತ್ರದ ಮುಲಾಮು, ಬಿಸಿನೀರಿನ ಚೀಲ,
ಪೇಶಾವರದ ಮಾಲೀಶಿನವನ ಮೊಣಕೈ,
ಊರಿಂದ ಬಂದವರು ತಂದ ಕಪ್ಪು ತೈಲ.
ಅದರ ವಾಸನೆಗೆ ಗಿರಾಕಿಯೊಬ್ಬ
‘ಉಸ್ತಾದ್, ಒಲೆಯ ಮೇಲೆ ಏನಿಟ್ಟಿದ್ದೀಯ?’ ಎಂದ.

ಇದ್ರೀಸ್ ಸುಡಾನಿನವನು. ಆಸ್ಪತ್ರೆಯಲ್ಲಿ
ಬಿದ್ದವರನ್ನು ಮತ್ತೆ ನಡೆಸುವ ಕೆಲಸ.
ಗುರುವಾರ ಗಡ್ಡಕ್ಕೆ ಬರುತ್ತಾನೆ.
ಗಂಟಲಗಂಟಿನ ಮೇಲೆ ನನ್ನ ಕತ್ತಿ ಇದ್ದಾಗ
ತುಟಿ ಅಲುಗಿಸದೆ ಕೇಳಿದ:
‘ವಾಮನ, ನೀನು ಉಸಿರಾಡುವುದು ಯಾವಾಗ?’

ನಕ್ಕೆ. ‘ಬಿಡುವಾದಾಗ’ ಅಂದೆ.
‘ಕನ್ನಡಿಯಲ್ಲಿ ನೋಡುತ್ತಿದ್ದೇನೆ.
ಕಿವಿಯಿಂದ ಗದ್ದದವರೆಗೆ ಒಂದೂ ಇಲ್ಲ.
ಆಮೇಲೆ ಹೆಗಲೆರಡನ್ನೂ ಬಾವಿಯ ಕೊಡದಂತೆ ಮೇಲೆಳೆದು
ಒಂದು ಗುಟುಕು.
ಹೆಗಲಿನ ಕೆಲಸ ಕೈ ಎತ್ತುವುದು.
ನೀನು ಗಾಳಿಯನ್ನೂ ಅದರ ಮೇಲೇ ಹೊರಿಸುತ್ತೀಯ.
ಎರಡು ಕೆಲಸ, ಒಂದೇ ಸಂಬಳ.’

ಕೆನ್ನೆಯ ನೊರೆ ಒಣಗುತ್ತಿತ್ತು. ಹಾಗೆಯೇ ಎದ್ದು
ನನ್ನ ಅಂಗೈಯನ್ನು ನನ್ನದೇ ಪಕ್ಕೆಲುಬಿನ ಕೆಳಗಿಟ್ಟ.
‘ಇಲ್ಲಿ. ಮೂಗಿನಿಂದ ಬಂದದ್ದು ಇಲ್ಲಿಗೆ ಇಳಿಯಲಿ.
ಕೈ ಮುಂದೆ ಬರಬೇಕು, ಹೆಗಲು ಕದಲಬಾರದು.
ಬಿಡುವಾಗ ಆತುರ ಬೇಡ,
ಬಿಸಿ ಚಹಾ ಊದುವಷ್ಟು ಮೆಲ್ಲಗೆ.’
ಕೈ ಬರಲೇ ಇಲ್ಲ.
ಐವತ್ತೊಂದು ವರ್ಷದ ಹೊಟ್ಟೆ
ವೀಸಾ ಕೌಂಟರಿನೆದುರು ನಿಂತಂತೆ ಬಿಗಿದುಕೊಂಡಿತ್ತು.

ಆ ರಾತ್ರಿ ಎರಡಂತಸ್ತಿನ ಮಂಚದ ಕೆಳಹಾಸಿಗೆಯಲ್ಲಿ
ಹೊಟ್ಟೆಯ ಮೇಲೆ ಎಸಿಯ ರಿಮೋಟ್ ಇಟ್ಟು ಕಾದೆ,
ಏರುತ್ತದೋ ಇಲ್ಲವೋ ಎಂದು.
ಬಕೆಟ್ಟಿಗೆ ತೊಟ್ಟಿಕ್ಕುವ ನೀರೇ ಎಣಿಕೆ:
ಮೂರು ಹನಿಗೆ ಒಳಗೆ, ಐದು ಹನಿಗೆ ಹೊರಗೆ.
ಹನ್ನೆರಡನೆಯದೋ ಹದಿಮೂರನೆಯದೋ ಉಸಿರಿಗೆ
ಸೋದರಮಾವ ಬಂದು ನಿಂತ.

ಬೆಳ್ಮಣ್ಣಿನಾಚೆ, ದೊಡ್ಡಮನೆಯ ಚಾವಡಿ.
ಧಣಿಗಳು ಮಣೆಯ ಮೇಲೆ, ಮಾವ ಕುಕ್ಕರಗಾಲಿನಲ್ಲಿ,
ಬಟ್ಟಲಿನ ನೀರು ಹಿಡಿದ ಹನ್ನೊಂದರ ಹುಡುಗ ನಾನು.
ಕತ್ತಿ ಕೊಡುವ ಮೊದಲು ಅವನು ಕಲಿಸಿದ್ದು ಒಂದೇ:
‘ಧಣಿಯ ಮುಖಕ್ಕೆ ನಿನ್ನ ಉಸಿರು ತಾಗಬಾರದು.’
ಕೈ ತಾಗಬಹುದು. ಕತ್ತಿಯೂ ತಾಗಬಹುದು.
ಒಮ್ಮೆ ಮರೆತೆ.
ಧಣಿ ಕಣ್ಣು ತೆರೆದರು, ಪಂಚೆಯ ತುದಿಯಿಂದ ಕೆನ್ನೆ ಒರೆಸಿಕೊಂಡರು.
ಹಿಂದಿರುಗುವ ದಾರಿಯಿಡೀ ಮಾವ ಮಾತಾಡಲಿಲ್ಲ.

ಧಣಿಗಳು ಹೋದರು, ಮಾವನೂ ಹೋದ,
ನಾನು ಕಡಲು ದಾಟಿ ಇಪ್ಪತ್ತಾರು ವರ್ಷ.
ಹಿಡಿದದ್ದು ಸಾಕು, ಬಿಡು ಎಂದು ಯಾರೂ ಹೇಳಿರಲಿಲ್ಲ.

ನೋವು ಮರುದಿನವೇ ಹೋಗಲಿಲ್ಲ, ಸುಳ್ಳು ಹೇಳಬಾರದು.
ಮೊದಲ ವಾರ ಬಲದಿಂದ ಎಡಕ್ಕೆ ಬಿಡಾರ ಬದಲಿಸಿತು.
ಅತಿಯಾಸೆಯಿಂದ ಎಳೆದುಕೊಂಡು ತಲೆಯೂ ಸುತ್ತಿತು.
‘ಜಾಸ್ತಿ ಅಲ್ಲ ಮಾರಾಯ, ನಿಧಾನ’ ಎಂಬ ಅರ್ಥದ್ದೇನೋ
ಇದ್ರೀಸ್ ತನ್ನ ಅರಬಿಯಲ್ಲಿ ಅಂದ.
ಈಗ ಕತ್ತಿ ಇಳಿಯುವುದು ಬಿಡುವ ಉಸಿರಿನ ಮೇಲೆ,
ಇಳಿತದ ನೀರಿನಲ್ಲಿ ದೋಣಿ ಹೊರಟ ಹಾಗೆ.
ರಾತ್ರಿ ಬೀಗ ಹಾಕುವಾಗ
ಕುತ್ತಿಗೆಯೂ ನನ್ನ ಜೊತೆ ಹೊರಬಂದಿರುತ್ತದೆ,
ಹೆಚ್ಚಿನ ದಿನ.

ನಿನ್ನೆ ಬೂ ಜಾಸಿಮ್ ಬಂದಿದ್ದರು, ಎಂಬತ್ತು ದಾಟಿದವರು,
ತಲೆ ಹಿಂದಕ್ಕೆ ಚೆಲ್ಲಿ ಕಣ್ಣು ಮುಚ್ಚಿ ಕೂತಿದ್ದರು.
ಮೇಲ್ತುಟಿಯ ಹತ್ತಿರ, ಬಹಳ ಹತ್ತಿರ ಬಗ್ಗಿ
ನಾನು ಉಸಿರು ಬಿಟ್ಟೆ.
ಅವರ ಬಿಳಿ ಹುಬ್ಬು ಅಲುಗಿತು.
ಕತ್ತಿ ನಿಲ್ಲಿಸಿದೆ. ಚಾವಡಿ, ಬಟ್ಟಲು, ಮಾವನ ಬೆನ್ನು.

‘ಏಲಕ್ಕಿ’ ಎಂದರು, ಕಣ್ಣು ತೆರೆಯದೆ.
‘ಗಾವಾ ಕುಡಿದಿದ್ದೀಯ, ನನಗೊಂದು ಕುಡಿಕೆ ಇಡದೆ?’